ಆರನೇ ತಿಂಗಳಿಗೆ ಮೌನವಾಗುವ ಜೀನ್: ಒಂದು ಪ್ರಕರಣ ಅಧ್ಯಯನ

ಸಿಕಲ್ ಸೆಲ್ ಕಾಯಿಲೆಯ ಜೀನನ್ನು ತಾಯಿಯಿಂದಲೂ ತಂದೆಯಿಂದಲೂ ಪಡೆದ ಮಗು ಹುಟ್ಟುವಾಗ ಚೆನ್ನಾಗಿಯೇ ಇರುತ್ತದೆ. ಹಾಲು ಕುಡಿಯುತ್ತದೆ, ನಗುತ್ತದೆ, ತೂಕ ಹೆಚ್ಚುತ್ತದೆ. ಆರು ತಿಂಗಳ ಆಸುಪಾಸಿನಲ್ಲಿ ಒಂದು ದಿನ ಅದರ ಕೈಕಾಲು ಬೆರಳುಗಳು ಊದಿಕೊಳ್ಳುತ್ತವೆ, ಮುಟ್ಟಿದರೆ ಚೀರುತ್ತದೆ. ಅಲ್ಲಿಂದ ಮುಂದಕ್ಕೆ ನೋವಿನ ದಾಳಿ, ರಕ್ತಹೀನತೆ, ಸೋಂಕು ಒಂದರ ಬೆನ್ನಿಗೆ ಒಂದು ಬರುತ್ತವೆ.

ದೋಷ ಹುಟ್ಟಿದ ದಿನವೂ ಇತ್ತು. ರಕ್ತದ ಹಿಮೋಗ್ಲೋಬಿನ್‌ನ ಒಂದು ಭಾಗವನ್ನು ತಯಾರಿಸುವ ಬೀಟಾ ಗ್ಲೋಬಿನ್ ಜೀನ್‌ನಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ತಪ್ಪಾಗಿದೆ: ‘ಎ’ ಇರಬೇಕಾದಲ್ಲಿ ‘ಟಿ’. ಈ ತಪ್ಪು ಗರ್ಭ ನಿಂತ ಗಳಿಗೆಯಿಂದಲೇ ಮಗುವಿನ ಜೊತೆಗಿದೆ. ಹಾಗಾದರೆ ಮೊದಲ ಆರು ತಿಂಗಳು ಮಗುವನ್ನು ಕಾದದ್ದು ಯಾವುದು? ಕಾಯುತ್ತಿದ್ದದ್ದು ನಡುವೆಯೇ ಕೈಬಿಟ್ಟದ್ದೇಕೆ?

ಈ ಬರಹ ಹಿಂಬಾಲಿಸುವುದು ಈ ಎರಡು ಪ್ರಶ್ನೆಗಳನ್ನು ಮಾತ್ರ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ಜೀವಕೋಶ ತನ್ನ ಕೋಶಕೇಂದ್ರದೊಳಗೆ ಹೇಗೆ ತೀರ್ಮಾನಿಸುತ್ತದೆ ಎಂಬುದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. ಆದರೆ ಹಾಸಿಗೆಯ ಮೇಲಿನ ಮಗುವಿನಿಂದ ಡಿಎನ್‌ಎಯ ಆರು ಅಕ್ಷರಗಳವರೆಗೆ ಹೋಗಿ, ಅಲ್ಲಿಂದ ಮತ್ತೆ ಹಾಸಿಗೆಯವರೆಗೆ, ಎಲ್ಲೂ ಕೊಂಡಿ ಕಳಚದೆ ನಡೆದು ಬರಬಹುದಾದ ಇಂಥ ಇನ್ನೊಂದು ಪ್ರಕರಣವನ್ನು ನಾನು ಕಂಡಿಲ್ಲ.

ಮೊದಲ ಸುಳಿವು

1948ರಲ್ಲಿ ನ್ಯೂಯಾರ್ಕ್‌ನ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ ಒಂದು ಸರಳ ಸಂಗತಿಯನ್ನು ಗಮನಿಸಿದರು. ಸಿಕಲ್ ಸೆಲ್ ದೋಷವಿರುವ ನವಜಾತ ಶಿಶುಗಳ ರಕ್ತವನ್ನು ಆಮ್ಲಜನಕವಿಲ್ಲದೆ ಇಟ್ಟರೂ ಕುಡುಗೋಲಿನಂತೆ ಬಾಗುವ ಕಣಗಳು ತೀರಾ ಕಡಿಮೆ. ತಿಂಗಳುಗಳು ಕಳೆದಂತೆ ಅವುಗಳ ಸಂಖ್ಯೆ ಏರುತ್ತದೆ. ಇದಕ್ಕೆ ಕಾರಣ ಭ್ರೂಣದ ಹಿಮೋಗ್ಲೋಬಿನ್ ಇರಬಹುದು ಎಂದು ಅವರು ಊಹಿಸಿದರು. ಜೀನ್ ಎಂದರೆ ಡಿಎನ್‌ಎಯ ಒಂದು ತುಣುಕು ಎಂಬುದೇ ಇನ್ನೂ ಗಟ್ಟಿಯಾಗದಿದ್ದ ಕಾಲವದು. ಊಹೆ ಸರಿಯಾಗಿತ್ತು.

ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಸರಪಳಿಗಳಿವೆ. ದೊಡ್ಡವರಲ್ಲಿ ಎರಡು ಆಲ್ಫಾ, ಎರಡು ಬೀಟಾ. ಭ್ರೂಣದಲ್ಲಿ ಬೀಟಾದ ಜಾಗದಲ್ಲಿ ಗಾಮಾ ಸರಪಳಿ ಇರುತ್ತದೆ. ಗಾಮಾ ಇರುವ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಹಾಗಾಗಿ ಹೊಕ್ಕುಳುಬಳ್ಳಿಯ ಆ ಬದಿಯಲ್ಲಿರುವ ತಾಯಿಯ ರಕ್ತದಿಂದ ಆಮ್ಲಜನಕವನ್ನು ಸೆಳೆದುಕೊಳ್ಳುವುದು ಭ್ರೂಣಕ್ಕೆ ಸಾಧ್ಯವಾಗುತ್ತದೆ. ಹುಟ್ಟುವಾಗ ಮಗುವಿನ ಹಿಮೋಗ್ಲೋಬಿನ್‌ನಲ್ಲಿ ಹೆಚ್ಚಿನ ಪಾಲು ಈ ಬಗೆಯದೇ. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ ಶೇಕಡ 1ಕ್ಕೂ ಕಡಿಮೆ.

ಸಿಕಲ್ ಸೆಲ್‌ನ ತಪ್ಪಕ್ಷರ ಇರುವುದು ಬೀಟಾ ಜೀನ್‌ನಲ್ಲಿ. ಆ ಅಕ್ಷರದಿಂದಾಗಿ ಸರಪಳಿಯಲ್ಲಿ ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲಿನ್ ಬಂದು ಕೂರುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ಕಡ್ಡಿಗಳಾಗುತ್ತವೆ, ಕಣ ಬಾಗುತ್ತದೆ, ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ. ಗಾಮಾ ಸರಪಳಿ ಈ ಕಡ್ಡಿಗೆ ಸೇರುವುದಿಲ್ಲ. ಅದರ ಮೇಲ್ಮೈಯೇ ಬೇರೆ. ಒಂದು ಗಾಮಾ, ಒಂದು ಸಿಕಲ್ ಬೀಟಾ ಕೂಡಿದ ಮಿಶ್ರ ಅಣು ಕೂಡ ಸಾಲಿನಿಂದ ಹೊರಗೇ ಉಳಿಯುತ್ತದೆ. ಅಂದರೆ ಮಗುವನ್ನು ಆರು ತಿಂಗಳು ಕಾದದ್ದು ಗಾಮಾ ಜೀನ್.

ಇಲ್ಲಿಂದ ವಿಷಯ ನಿಜಕ್ಕೂ ಗಂಭೀರವಾಗುತ್ತದೆ. ಆರು ತಿಂಗಳ ನಂತರ ಗಾಮಾ ಜೀನ್ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ. ನಲವತ್ತು ವರ್ಷದ ರೋಗಿಯ ಅಸ್ಥಿಮಜ್ಜೆಯ ಪ್ರತಿ ರಕ್ತಮೂಲ ಕೋಶದಲ್ಲೂ ಅದು ಒಂದಕ್ಷರ ಕೆಡದೆ ಇದೆ. ರೋಗಿಯನ್ನು ಉಳಿಸಬಲ್ಲ ಜೀನ್ ಅವನ ಮೈಯೊಳಗೇ ಇದ್ದು, ಅವನ ಜೀವಕೋಶಗಳೇ ಅದನ್ನು ಸುಮ್ಮನಿರಿಸಿವೆ. ನನಗೆ ಈ ಪ್ರಕರಣದ ನೋವೂ ಭರವಸೆಯೂ ಇರುವುದು ಈ ಒಂದು ಸಂಗತಿಯಲ್ಲಿ.

ಕೋಶಕೇಂದ್ರದ ಒಳಗೆ

ಕೆಂಪು ರಕ್ತಕಣಕ್ಕೆ ಕೋಶಕೇಂದ್ರವಿಲ್ಲ ಎಂದು ಶಾಲೆಯಲ್ಲಿ ಓದಿರುತ್ತೇವೆ. ಅದು ಬೆಳೆದ ಕಣದ ಮಾತು. ಅಸ್ಥಿಮಜ್ಜೆಯಲ್ಲಿ ಬೆಳೆಯುತ್ತಿರುವ ಕಣಕ್ಕೆ, ಅಂದರೆ ಎರಿತ್ರೋಬ್ಲಾಸ್ಟ್‌ಗೆ, ಕೋಶಕೇಂದ್ರವಿದೆ. ಅದಕ್ಕಿರುವುದು ಕೆಲವೇ ದಿನಗಳ ಅವಧಿ. ಅಷ್ಟರಲ್ಲಿ ಅದು ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿಗೆ ಬೇಕಾಗುವಷ್ಟು ಸಂದೇಶ ಆರ್‌ಎನ್‌ಎ, ಅಂದರೆ ಪ್ರೋಟೀನ್ ತಯಾರಿಸಲು ಬಳಸುವ ಜೀನ್‌ನ ನಕಲು, ಬರೆದಿಡಬೇಕು. ಬಳಿಕ ಕೋಶಕೇಂದ್ರ ಕುಗ್ಗಿ, ಗಟ್ಟಿಯಾಗಿ, ಕೋಶದಿಂದ ಹೊರಗೆ ತಳ್ಳಲ್ಪಡುತ್ತದೆ. ದೊಡ್ಡವರ ದೇಹದಲ್ಲಿ ಈ ಕೆಲಸ ಸೆಕೆಂಡಿಗೆ ಸುಮಾರು 20 ಲಕ್ಷ ಕಣಗಳ ಲೆಕ್ಕದಲ್ಲಿ ನಡೆಯುತ್ತಿರುತ್ತದೆ.

ಆ ಪುಟ್ಟ ಕೋಶಕೇಂದ್ರದಲ್ಲಿ ಎರಡು ಮೀಟರ್ ಉದ್ದದ ಡಿಎನ್‌ಎ ಮಡಚಿಕೊಂಡಿದೆ. ಎಂಟು ಹಿಸ್ಟೋನ್ ಪ್ರೋಟೀನುಗಳ ಒಂದೊಂದು ಗುಂಡಿಗೆ 147 ಅಕ್ಷರಗಳಷ್ಟು ಡಿಎನ್‌ಎ ಸುತ್ತಿಕೊಳ್ಳುತ್ತದೆ. ದಾರಕ್ಕೆ ಮಣಿ ಪೋಣಿಸುವ ಬದಲು ಮಣಿಗೇ ದಾರ ಸುತ್ತಿದಂತೆ. ಹಿಸ್ಟೋನ್‌ಗಳ ಬಾಲಕ್ಕೆ ಅಸಿಟೈಲ್ ಗುಂಪು ಅಂಟಿದರೆ ಹಿಡಿತ ಸಡಿಲವಾಗಿ ಆ ಭಾಗದ ಜೀನನ್ನು ಓದಬಹುದು. ಅಸಿಟೈಲ್ ಕಿತ್ತುಹಾಕಿದರೆ ಹಿಡಿತ ಬಿಗಿಯಾಗುತ್ತದೆ. ಡಿಎನ್‌ಎಯ ‘ಸಿ’ ಅಕ್ಷರಕ್ಕೇ ಮೀಥೈಲ್ ಗುಂಪು ಅಂಟಿದರೆ ಆ ಜೀನ್ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ದೊಡ್ಡವರ ಎರಿತ್ರೋಬ್ಲಾಸ್ಟ್‌ಗಳಲ್ಲಿ ಗಾಮಾ ಜೀನ್‌ನ ಆರಂಭದ ಭಾಗದ ಮೇಲೆ ಇಂಥ ಮೀಥೈಲ್ ಗುರುತುಗಳಿವೆ, ಭ್ರೂಣದ ಕೋಶಗಳಲ್ಲಿ ಇಲ್ಲ.

11ನೇ ವರ್ಣತಂತುವಿನ ಮೇಲೆ ಗ್ಲೋಬಿನ್ ಜೀನ್‌ಗಳು ಒಂದು ಸಾಲಿನಲ್ಲಿ ಕೂತಿವೆ: ಎಪ್ಸಿಲಾನ್, ಎರಡು ಗಾಮಾ, ಡೆಲ್ಟಾ, ಬೀಟಾ. ಈ ಕ್ರಮವೇ ಬೆಳವಣಿಗೆಯ ಕ್ರಮ ಕೂಡ. ಗರ್ಭದ ಮೊದಲ ವಾರಗಳಲ್ಲಿ ಎಪ್ಸಿಲಾನ್, ಆಮೇಲೆ ಭ್ರೂಣದ ಪಿತ್ತಜನಕಾಂಗದಲ್ಲಿ ಗಾಮಾ, ಹೆರಿಗೆಯ ಸುತ್ತಮುತ್ತ ಅಸ್ಥಿಮಜ್ಜೆಯಲ್ಲಿ ಬೀಟಾ. ವರ್ಣತಂತುವಿನ ಮೇಲಿನ ಸ್ಥಳಕ್ರಮ ಜೀವನದ ಕಾಲಕ್ರಮಕ್ಕೆ ಇಷ್ಟು ನೇರವಾಗಿ ಹೊಂದುವುದು ಜೀವಶಾಸ್ತ್ರದಲ್ಲಿ ಅಪರೂಪ.

ದೂರದಿಂದ ನಡೆಸುವ ಕೈ

ಈ ಸಾಲನ್ನು ನಡೆಸುವುದು ಯಾರು ಎಂಬ ಪ್ರಶ್ನೆಗೆ ಉತ್ತರದ ದಾರಿ ತೋರಿಸಿದ್ದು ಒಂದು ಡಚ್ ಕುಟುಂಬದ ರೋಗ. 1983ರಲ್ಲಿ ಆ ವರದಿ ಬಂತು. ಹಿಮೋಗ್ಲೋಬಿನ್ ಸರಪಳಿ ಸಾಕಷ್ಟು ತಯಾರಾಗದ ರೋಗ ಥಲಸ್ಸೀಮಿಯಾ. ಆ ಕುಟುಂಬದ ಥಲಸ್ಸೀಮಿಯಾ ರೋಗಿಯಲ್ಲಿ ಒಂದು ವರ್ಣತಂತುವಿನ ಬೀಟಾ ಜೀನ್ ಪೂರ್ತಿ ಸರಿಯಾಗಿತ್ತು. ಅದನ್ನು ಹೊರತೆಗೆದು ಬೇರೆ ಕೋಶಕ್ಕೆ ಹಾಕಿದರೆ ಕೆಲಸ ಮಾಡುತ್ತಿತ್ತು. ಆದರೆ ರೋಗಿಯ ಮೈಯಲ್ಲಿ, ತನ್ನದೇ ಜಾಗದಲ್ಲಿ, ಅದು ಸತ್ತಂತಿತ್ತು. ಕಾಣೆಯಾಗಿದ್ದು ಜೀನ್‌ನ ಹಿಂದಿನ ಸುಮಾರು ಒಂದು ಲಕ್ಷ ಅಕ್ಷರಗಳ ತುಂಡು. ಪದ ಸರಿಯಿದ್ದು, ಪುಟದ ಹಿಂದಿನ ಹಾಳೆಗಳು ಹರಿದುಹೋದದ್ದಕ್ಕೆ ಪದವೂ ಓದಲಾಗದಂತಾದ ಸ್ಥಿತಿ.

1987ರಲ್ಲಿ ಲಂಡನ್ನಿನಲ್ಲಿ ಫ್ರಾಂಕ್ ಗ್ರೋಸ್‌ವೆಲ್ಡ್ ಅವರ ತಂಡ ಆ ಹರಿದ ಹಾಳೆಗಳಲ್ಲಿ ಏನಿತ್ತೆಂದು ತೋರಿಸಿತು. ಬೀಟಾ ಜೀನನ್ನಷ್ಟೇ ಇಲಿಗೆ ಸೇರಿಸಿದಾಗ ಅದರ ಕೆಲಸ ಎಲ್ಲಿ ಹೋಗಿ ಕೂತಿತು ಎಂಬ ಅದೃಷ್ಟದ ಮೇಲೆ ನಿಂತಿರುತ್ತಿತ್ತು. ಸಾಲಿನ ತುದಿಯಲ್ಲಿರುವ ನಿಯಂತ್ರಣ ತುಣುಕುಗಳನ್ನೂ ಜೊತೆಗೆ ಕೊಟ್ಟಾಗ ಜೀನ್ ಎಲ್ಲಿ ಕೂತರೂ ಪೂರ್ಣ ಪ್ರಮಾಣದಲ್ಲಿ ಕೆಲಸ ಮಾಡಿತು. ಈ ತುಣುಕುಗಳ ಗುಂಪನ್ನು ಎಲ್‌ಸಿಆರ್ ಎನ್ನುತ್ತಾರೆ. ಇದು ಬಲಿಷ್ಠವಾದ ಎನ್‌ಹಾನ್ಸರ್, ಅಂದರೆ ತಾನು ಯಾವ ಪ್ರೋಟೀನನ್ನೂ ಮಾಡದೆ ಬೇರೆ ಜೀನ್‌ನ ಕೆಲಸವನ್ನು ಹೆಚ್ಚಿಸುವ ಡಿಎನ್‌ಎ. ಬೀಟಾ ಜೀನ್‌ನಿಂದ ಇದರ ದೂರ ಸುಮಾರು 50,000 ಅಕ್ಷರಗಳು.

ಇಷ್ಟು ದೂರದಿಂದ ಮಾತು ತಲುಪುವುದು ಹೇಗೆ? ಡಿಎನ್‌ಎ ಬಾಗುತ್ತದೆ. ನಡುವಿನ ಭಾಗ ಹೊರಗೆ ಕುಣಿಕೆಯಾಗಿ ಉಳಿದು, ಎಲ್‌ಸಿಆರ್ ಮತ್ತು ಜೀನ್‌ನ ಪ್ರೊಮೋಟರ್ (ಜೀನ್‌ನ ಬರವಣಿಗೆಯನ್ನು ಶುರುಮಾಡಿಸುವ ಆರಂಭದ ಭಾಗ) ಪಕ್ಕಪಕ್ಕಕ್ಕೆ ಬರುತ್ತವೆ. 2002ರಲ್ಲಿ ಇಲಿಯ ಕೋಶಗಳಲ್ಲಿ ಎರಡು ಬೇರೆ ಬೇರೆ ವಿಧಾನಗಳಿಂದ ಈ ಸಾಮೀಪ್ಯವನ್ನು ಅಳೆದು ತೋರಿಸಲಾಯಿತು. ಗಾಟಾ1, ಟಿಎಎಲ್1, ಎಲ್‌ಡಿಬಿ1 ಎಂಬ ಪ್ರೋಟೀನುಗಳು ಎರಡು ತುದಿಗಳನ್ನೂ ಹಿಡಿದು ಕುಣಿಕೆಯನ್ನು ನಿಲ್ಲಿಸುತ್ತವೆ.

ಇದಕ್ಕೂ ಮೊದಲಿನ ಒಂದು ಪ್ರಯೋಗವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. 1995ರಲ್ಲಿ ಗ್ರೋಸ್‌ವೆಲ್ಡ್ ತಂಡದವರೇ ಮನುಷ್ಯನ ಇಡೀ ಗ್ಲೋಬಿನ್ ಸಾಲನ್ನು ಹೊತ್ತ ಇಲಿಗಳನ್ನು ಬಳಸಿದರು. ಗಾಮಾದಿಂದ ಬೀಟಾಗೆ ಬದಲಾಗುತ್ತಿರುವ ದಿನಗಳ ಭ್ರೂಣದ ಪಿತ್ತಜನಕಾಂಗದ ಕೋಶಗಳನ್ನು ತೆಗೆದು, ಆಗಷ್ಟೇ ಬರೆಯಲ್ಪಡುತ್ತಿರುವ ಆರ್‌ಎನ್‌ಎ ಮಾತ್ರ ಹೊಳೆಯುವಂತೆ ಬಣ್ಣ ಹಚ್ಚಿದರು: ಗಾಮಾಗೆ ಒಂದು ಬಣ್ಣ, ಬೀಟಾಗೆ ಇನ್ನೊಂದು. ಸೂಕ್ಷ್ಮದರ್ಶಕದಲ್ಲಿ ಪ್ರತಿ ಕೋಶಕೇಂದ್ರದೊಳಗೆ ಚುಕ್ಕಿಗಳು ಕಂಡವು. ಹೆಚ್ಚಿನ ಕಡೆ ಒಂದು ವರ್ಣತಂತುವಿನ ಮೇಲೆ ಒಂದೇ ಬಣ್ಣ. ಒಂದೇ ಕೋಶದ ಎರಡು ವರ್ಣತಂತುಗಳಲ್ಲಿ ಒಂದು ಗಾಮಾ ಬರೆಯುತ್ತಿದ್ದರೆ ಇನ್ನೊಂದು ಬೀಟಾ ಬರೆಯುತ್ತಿರುವುದೂ ಕಂಡಿತು. ಒಂದೊಂದು ಗಳಿಗೆಗೆ ಒಂದೊಂದು ಜೀನನ್ನು ಎಲ್‌ಸಿಆರ್ ಹಿಡಿದು, ಬಿಟ್ಟು, ಇನ್ನೊಂದಕ್ಕೆ ಹೋಗುತ್ತದೆ ಎಂದು ಅವರು ತೀರ್ಮಾನಿಸಿದರು. ಒಂದೇ ಎನ್‌ಹಾನ್ಸರ್ ಎರಡು ಜೀನ್‌ಗಳನ್ನು ಏಕಕಾಲಕ್ಕೆ ನಡೆಸಬಲ್ಲದು ಎಂಬುದನ್ನು ಆಮೇಲೆ ಹಣ್ಣಿನ ನೊಣದ ಜೀವಂತ ಭ್ರೂಣಗಳಲ್ಲಿ ಕಂಡಿದ್ದಾರೆ. ಆದ್ದರಿಂದ ‘ಒಂದು ಹೊತ್ತಿಗೆ ಒಂದೇ’ ಎಂಬುದನ್ನು ಎಲ್ಲ ಜೀನ್‌ಗಳಿಗೂ ಅನ್ವಯಿಸುವ ನಿಯಮವೆಂದು ತೆಗೆದುಕೊಳ್ಳಬಾರದು. ಆದರೆ ಗ್ಲೋಬಿನ್ ಸಾಲಿನಲ್ಲಿ ಗಾಮಾ ಮತ್ತು ಬೀಟಾ ಒಂದೇ ಎಲ್‌ಸಿಆರ್‌ಗಾಗಿ ಪೈಪೋಟಿ ನಡೆಸುತ್ತವೆ ಎಂಬ ತಿಳಿವಳಿಕೆ ಉಳಿದುಕೊಂಡಿದೆ. ಒಂದರ ಪಾಲು ಕಡಿಮೆಯಾದರೆ ಇನ್ನೊಂದರದು ಹೆಚ್ಚುತ್ತದೆ.

ಕುಣಿಕೆ ಬರವಣಿಗೆಗೆ ಕಾರಣವೋ, ಬರೆಯುವಾಗ ತಾನಾಗಿ ಆಗುವ ಫಲವೋ ಎಂಬ ಸಂಶಯವನ್ನು ಫಿಲಡೆಲ್ಫಿಯಾದ ಗೆರ್ಡ್ ಬ್ಲೋಬೆಲ್ ತಂಡ ಪರಿಹರಿಸಿತು. 2014ರಲ್ಲಿ ಅವರು ದೊಡ್ಡವರ ಎರಿತ್ರೋಬ್ಲಾಸ್ಟ್‌ಗಳಲ್ಲಿ ಗಾಮಾ ಜೀನ್‌ನ ಪ್ರೊಮೋಟರ್‌ಗೆ ಎಲ್‌ಡಿಬಿ1ರ ಒಂದು ಭಾಗವನ್ನು ಬಲವಂತವಾಗಿ ಕಟ್ಟಿದರು. ಎಲ್‌ಸಿಆರ್ ಗಾಮಾದ ಕಡೆಗೆ ಬಾಗಿತು, ವರ್ಷಗಳಿಂದ ಮೌನವಾಗಿದ್ದ ಗಾಮಾ ಜೀನ್ ಮತ್ತೆ ಜೋರಾಗಿ ಬರೆಯತೊಡಗಿತು, ಬೀಟಾ ಕುಗ್ಗಿತು. ಕುಣಿಕೆ ಮೊದಲು, ಬರವಣಿಗೆ ಆಮೇಲೆ.

ಬಾಯಿ ಮುಚ್ಚಿಸುವವರು ಯಾರು

ಹಾಗಾದರೆ ಸಹಜವಾಗಿ, ಹೆರಿಗೆಯ ನಂತರ, ಎಲ್‌ಸಿಆರ್ ಗಾಮಾವನ್ನು ಬಿಟ್ಟು ಬೀಟಾದ ಕಡೆ ತಿರುಗುವುದೇಕೆ? ಗಾಮಾವನ್ನು ಅದುಮುವ ಯಾವುದೋ ಪ್ರೋಟೀನ್ ಇರಬೇಕು ಎಂದು ದಶಕಗಳ ಕಾಲ ಹುಡುಕಿದರು. ಪ್ರಯೋಗಶಾಲೆಗಳಲ್ಲಿ ಸಿಗದ ಉತ್ತರ ಸಿಕ್ಕಿದ್ದು ಆರೋಗ್ಯವಂತ ಜನರ ರಕ್ತದಲ್ಲಿ.

ದೊಡ್ಡವರಲ್ಲೂ ಕೆಲವು ಕೆಂಪು ಕಣಗಳಲ್ಲಿ ಒಂದಿಷ್ಟು ಭ್ರೂಣದ ಹಿಮೋಗ್ಲೋಬಿನ್ ಉಳಿದಿರುತ್ತದೆ. ಇವನ್ನು ಎಫ್ ಕೋಶಗಳು ಎನ್ನುತ್ತಾರೆ. ಅವುಗಳ ಪ್ರಮಾಣ ಒಬ್ಬರಿಂದ ಒಬ್ಬರಿಗೆ ಬೇರೆ, ಮತ್ತು ಅದು ಬಹುಮಟ್ಟಿಗೆ ವಂಶದಿಂದ ಬರುತ್ತದೆ. 2007ರಲ್ಲಿ ಸ್ವೀ ಲೇ ಥೀನ್ ಅವರ ಲಂಡನ್ ತಂಡ ಎಫ್ ಕೋಶಗಳು ಹೆಚ್ಚಿರುವವರ ಮತ್ತು ಕಡಿಮೆ ಇರುವವರ ಇಡೀ ಜೀನೋಮನ್ನು ಹೋಲಿಸಿ ನೋಡಿತು. ಬೆರಳು ತೋರಿದ್ದು 2ನೇ ವರ್ಣತಂತುವಿನ ಬಿಸಿಎಲ್11ಎ ಎಂಬ ಜೀನ್ ಕಡೆಗೆ. ಮರುವರ್ಷ ಸಾರ್ಡಿನಿಯಾ ದ್ವೀಪದ ಜನರ ಅಧ್ಯಯನವೂ ಅದೇ ಜೀನನ್ನು ತೋರಿಸಿತು. ಅದುವರೆಗೆ ಬಿಸಿಎಲ್11ಎ ಎಂದರೆ ಲಿಂಫೋಮಾ ಎಂಬ ಕ್ಯಾನ್ಸರ್‌ಗೆ ಸಂಬಂಧಿಸಿದ ಬಿಳಿ ರಕ್ತಕಣಗಳ ಜೀನ್. ಹಿಮೋಗ್ಲೋಬಿನ್ ಸಂಶೋಧಕರು ಅದರ ಕಡೆ ತಿರುಗಿಯೂ ನೋಡಿರಲಿಲ್ಲ.

2008ರಲ್ಲಿ ಬಾಸ್ಟನ್‌ನ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ಮತ್ತು ಸಂಗಡಿಗರು ದೊಡ್ಡವರ ಎರಿತ್ರೋಬ್ಲಾಸ್ಟ್‌ಗಳಲ್ಲಿ ಬಿಸಿಎಲ್11ಎಯನ್ನು ಕಡಿಮೆ ಮಾಡಿದರು. ಭ್ರೂಣದ ಹಿಮೋಗ್ಲೋಬಿನ್ ಏರಿತು. 2011ರಲ್ಲಿ ಸಿಕಲ್ ಸೆಲ್ ಕಾಯಿಲೆಯಿರುವ ಇಲಿಗಳ ಕೆಂಪು ಕಣಗಳ ಸಂತತಿಯಲ್ಲಿ ಮಾತ್ರ ಆ ಜೀನನ್ನು ತೆಗೆದಾಗ ಇಲಿಗಳ ರೋಗಲಕ್ಷಣಗಳು ಇಳಿದವು. ತಪ್ಪಿರುವ ಬೀಟಾ ಜೀನನ್ನು ಯಾರೂ ಮುಟ್ಟಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

ಬಿಸಿಎಲ್11ಎ ಎಲ್ಲಿ ಕೂತು ಈ ಕೆಲಸ ಮಾಡುತ್ತದೆ ಎಂಬುದು ತಿಳಿಯಲು ಇನ್ನೂ ಹತ್ತು ವರ್ಷ ಹಿಡಿಯಿತು. ಉತ್ತರದ ಸುಳಿವು ಮಾತ್ರ ಬಹಳ ಹಿಂದೆಯೇ ಕಣ್ಣೆದುರಿಗಿತ್ತು. ಕೆಲವು ಕುಟುಂಬಗಳಲ್ಲಿ ಭ್ರೂಣದ ಹಿಮೋಗ್ಲೋಬಿನ್ ಜೀವನಪೂರ್ತಿ ಹೆಚ್ಚಾಗಿಯೇ ಉಳಿಯುತ್ತದೆ, ಅವರಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ಅವರ ಗಾಮಾ ಜೀನ್‌ಗಳನ್ನು ಓದಿದಾಗ ಬರವಣಿಗೆ ಶುರುವಾಗುವ ಜಾಗಕ್ಕಿಂತ ಸುಮಾರು 115 ಅಕ್ಷರ ಹಿಂದೆ, ಇಲ್ಲವೇ ಸುಮಾರು 200 ಅಕ್ಷರ ಹಿಂದೆ, ಒಂದೊಂದೇ ಅಕ್ಷರದ ಬದಲಾವಣೆಗಳು ಕಂಡಿದ್ದವು. 2018ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಅದರ ಅರ್ಥ ಬಿಡಿಸಿದವು. 115ರ ಹತ್ತಿರ ‘ಟಿಜಿಎಸಿಸಿಎ’ ಎಂಬ ಆರು ಅಕ್ಷರಗಳಿವೆ. ಬಿಸಿಎಲ್11ಎ ಹಿಡಿಯುವುದು ಇದನ್ನೇ. 200ರ ಹತ್ತಿರ ಜ಼ಡ್‌ಬಿಟಿಬಿ7ಎ ಎಂಬ ಇನ್ನೊಂದು ಪ್ರೋಟೀನ್ ಕೂರುತ್ತದೆ. ಆ ಕುಟುಂಬಗಳಲ್ಲಿ ಒಂದಕ್ಷರ ಬದಲಾಗಿ ಬಾಯಿ ಮುಚ್ಚಿಸುವವನಿಗೆ ಕೂರಲು ಜಾಗವೇ ಇರಲಿಲ್ಲ. ದಶಕಗಳ ಕಾಲ ಪಟ್ಟಿಗಳಲ್ಲಿ ಬಿದ್ದಿದ್ದ ಅಕ್ಷರದೋಷಗಳು ಒಂದೇ ದಿನಕ್ಕೆ ಅರ್ಥಪೂರ್ಣವಾದವು.

ಕೂತ ಮೇಲೆ ಬಿಸಿಎಲ್11ಎ ಏನು ಮಾಡುತ್ತದೆ? ಎರಡು ಕೆಲಸ. ಪಕ್ಕದಲ್ಲೇ, ಸುಮಾರು 30 ಅಕ್ಷರಗಳಾಚೆ, ಎನ್‌ಎಫ್-ವೈ ಎಂಬ ಉತ್ತೇಜಕ ಪ್ರೋಟೀನ್ ಕೂರುವ ಜಾಗವಿದೆ. ಬಿಸಿಎಲ್11ಎ ಇದ್ದರೆ ಎನ್‌ಎಫ್-ವೈ ಅಲ್ಲಿ ನೆಲೆಯೂರಲು ಆಗುವುದಿಲ್ಲ. ಬಿಸಿಎಲ್11ಎಯನ್ನು ಕೋಶದೊಳಗೆ ಥಟ್ಟನೆ ನಾಶಮಾಡಿ ನೋಡಿದಾಗ ಎನ್‌ಎಫ್-ವೈ ಬಂದು ಕೂತು ಗಾಮಾ ಜೀನ್ ತೆರೆದುಕೊಳ್ಳುವುದನ್ನು 2021ರಲ್ಲಿ ತೋರಿಸಿದ್ದಾರೆ. ಎರಡನೆಯದಾಗಿ, ಬಿಸಿಎಲ್11ಎ ತನ್ನ ಜೊತೆಗೆ ಎನ್‌ಯುಆರ್‌ಡಿ ಎಂಬ ಪ್ರೋಟೀನ್ ಕೂಟವನ್ನು ಕರೆತರುತ್ತದೆ. ಹಿಸ್ಟೋನ್‌ಗಳ ಅಸಿಟೈಲ್ ಗುರುತುಗಳನ್ನು ಕಿತ್ತು, ಡಿಎನ್‌ಎ ಸುತ್ತಿದ ಗುಂಡುಗಳನ್ನು ಸರಿಸಿ, ಬಾಗಿಲನ್ನು ಗಟ್ಟಿಯಾಗಿ ಎಳೆದುಕೊಳ್ಳುವುದು ಈ ಕೂಟದ ಕೆಲಸ. ಗಾಮಾದ ಬಾಗಿಲು ಮುಚ್ಚಿದ ಮೇಲೆ ಎಲ್‌ಸಿಆರ್‌ಗೆ ಉಳಿಯುವುದು ಬೀಟಾ.

ಭ್ರೂಣದಲ್ಲಿ ಹೀಗೇಕೆ ಆಗುವುದಿಲ್ಲ ಎಂದರೆ, ಅಲ್ಲಿ ಬಿಸಿಎಲ್11ಎ ಪ್ರೋಟೀನ್ ತೀರಾ ಕಡಿಮೆ. ಭ್ರೂಣದ ಕೋಶಗಳಲ್ಲಿ ಹೇರಳವಾಗಿರುವ ಲಿನ್28ಬಿ ಎಂಬ ಪ್ರೋಟೀನ್ ಬಿಸಿಎಲ್11ಎಯ ಸಂದೇಶದಿಂದ ಪ್ರೋಟೀನ್ ತಯಾರಾಗುವುದನ್ನು ತಡೆಯುತ್ತದೆ. ಎಚ್‌ಐಸಿ2 ಎಂಬುದು ಬಿಸಿಎಲ್11ಎಯ ಎನ್‌ಹಾನ್ಸರ್ ಮೇಲೆ ಕೂತು ಗಾಟಾ1 ಅಲ್ಲಿಗೆ ಬರದಂತೆ ನೋಡಿಕೊಳ್ಳುತ್ತದೆ. ಹೆರಿಗೆಯ ಹೊತ್ತಿಗೆ ಇವೆರಡೂ ಇಳಿಯುತ್ತವೆ. ದೊಡ್ಡವರಲ್ಲಿ ಕೆಎಲ್‌ಎಫ್1 ಎಂಬ ಪ್ರೋಟೀನ್ ಬಿಸಿಎಲ್11ಎಯನ್ನೂ ಬೀಟಾ ಜೀನನ್ನೂ ಒಟ್ಟಿಗೆ ಉತ್ತೇಜಿಸುತ್ತದೆ. ಮಾಲ್ಟಾದ ಒಂದು ಕುಟುಂಬದಲ್ಲಿ ಕೆಎಲ್‌ಎಫ್1ರ ಒಂದು ಪ್ರತಿ ಕೆಟ್ಟು ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಿದ್ದು 2010ರಲ್ಲಿ ವರದಿಯಾಗಿದೆ. ನಿಯಂತ್ರಕನಿಗೂ ನಿಯಂತ್ರಕ, ಅವನಿಗೂ ಇನ್ನೊಬ್ಬ. ಕೋಶಕೇಂದ್ರದ ಆಡಳಿತದಲ್ಲಿ ಕೊನೆಯ ಅಧಿಕಾರಿ ಎಂಬ ಒಬ್ಬನನ್ನು ಹುಡುಕುವುದು ವ್ಯರ್ಥ.

ಹಾವು ಸಾಯಬೇಕು, ಕೋಲು ಮುರಿಯಬಾರದು

ಬಿಸಿಎಲ್11ಎಯನ್ನು ತೆಗೆದುಬಿಟ್ಟರೆ ಆಯಿತಲ್ಲವೇ? ಆಗದು. ಬಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ರೂಪುಗೊಳ್ಳಲು ಅದು ಬೇಕು. ಮೆದುಳಿನ ಬೆಳವಣಿಗೆಗೂ ಬೇಕು. ಹುಟ್ಟಿನಿಂದ ಅದರ ಒಂದು ಪ್ರತಿ ಇಲ್ಲದವರಲ್ಲಿ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಿರುತ್ತದೆ ನಿಜ, ಆದರೆ ಬೌದ್ಧಿಕ ಬೆಳವಣಿಗೆ ಕುಂಠಿತವಾಗಿರುತ್ತದೆ. ರಕ್ತಮೂಲ ಕೋಶಗಳಿಗೂ ಅದರ ಅಗತ್ಯವಿದೆ. ಕೆಂಪು ಕಣಗಳ ದಾರಿ ಹಿಡಿದ ಕೋಶಗಳಲ್ಲಿ ಮಾತ್ರ, ಬೇರೆಲ್ಲೂ ಅಲ್ಲ, ಅದನ್ನು ತಗ್ಗಿಸಬೇಕು.

2013ರಲ್ಲಿ ಡೇನಿಯಲ್ ಬಾವರ್, ಆರ್ಕಿನ್ ಮತ್ತವರ ಸಂಗಡಿಗರು ಕಂಡುಕೊಂಡದ್ದು ಇದಕ್ಕೆ ದಾರಿಯಾಯಿತು. ಎಫ್ ಕೋಶಗಳ ಹೆಚ್ಚುಕಡಿಮೆಗೆ ಕಾರಣವಾದ ಅಕ್ಷರಭೇದಗಳು ಬಿಸಿಎಲ್11ಎಯ ಪ್ರೋಟೀನ್ ಬರೆಯುವ ಭಾಗದಲ್ಲಿ ಇರಲಿಲ್ಲ. ಅವು ಜೀನ್‌ನ ನಡುವೆ, ಇಂಟ್ರಾನ್ ಎಂದು ಕತ್ತರಿಸಿ ಎಸೆಯಲ್ಪಡುವ ಭಾಗದಲ್ಲಿದ್ದವು. ಆ ಭಾಗದಲ್ಲಿ ಅಡಗಿತ್ತು ಒಂದು ಎನ್‌ಹಾನ್ಸರ್. ಅದು ಎರಿತ್ರೋಬ್ಲಾಸ್ಟ್‌ಗಳಲ್ಲಿ ಮಾತ್ರ ತೆರೆದುಕೊಳ್ಳುತ್ತದೆ. ಇಲಿಯ ಕೆಂಪು ಕಣಗಳ ಸಾಲಿನ ಕೋಶಗಳಿಂದ ಅದನ್ನು ಕತ್ತರಿಸಿದಾಗ ಬಿಸಿಎಲ್11ಎ ಕುಸಿಯಿತು. ಬಿ ಲಿಂಫೋಸೈಟ್ ಸಾಲಿನ ಕೋಶಗಳಿಂದ ಕತ್ತರಿಸಿದಾಗ ಏನೂ ಆಗಲಿಲ್ಲ. ಒಂದೇ ಜೀನನ್ನು ಬೇರೆ ಬೇರೆ ಅಂಗಾಂಶಗಳು ಬೇರೆ ಬೇರೆ ಹಿಡಿಕೆಗಳಿಂದ ಎತ್ತುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

2015ರಲ್ಲಿ ಆ ಎನ್‌ಹಾನ್ಸರ್ ಉದ್ದಕ್ಕೂ, ಡಿಎನ್‌ಎಯನ್ನು ಬೇಕಾದ ಜಾಗದಲ್ಲೇ ಕತ್ತರಿಸಬಲ್ಲ ಕ್ರಿಸ್ಪರ್ ಎಂಬ ಕತ್ತರಿಯಿಂದ ಒಂದೊಂದೇ ಜಾಗವನ್ನು ಕತ್ತರಿಸುತ್ತ ಹೋದರು. ಹೆಚ್ಚಿನ ಕಡಿತಗಳಿಂದ ದೊಡ್ಡ ಪರಿಣಾಮವಾಗಲಿಲ್ಲ. ಒಂದು ಸಣ್ಣ ತಾಣದಲ್ಲಿ ಮಾತ್ರ, ಗಾಟಾ1 ಹಿಡಿಯುವ ಅಕ್ಷರಗಳು ಕೆಟ್ಟಾಗ, ಬಿಸಿಎಲ್11ಎ ಇಳಿದು ಗಾಮಾ ಏರಿತು. ಗಾಟಾ1ಕ್ಕೆ ಆ ಹೆಸರು ಬಂದಿರುವುದೇ ಅದು ಹುಡುಕುವ ‘ಜಿ-ಎ-ಟಿ-ಎ’ ಅಕ್ಷರಗಳಿಂದ.

ಚಿಕಿತ್ಸೆಯ ಉಪಾಯ ಇಷ್ಟೇ. ರೋಗಿಯ ರಕ್ತಮೂಲ ಕೋಶಗಳನ್ನು ಹೊರತೆಗೆದು, ಆ ಗಾಟಾ1 ತಾಣದಲ್ಲಿ ಕ್ರಿಸ್ಪರ್‌ನಿಂದ ಒಂದು ಕಡಿತ ಮಾಡುತ್ತಾರೆ. ಕೋಶ ತಾನೇ ಆ ಗಾಯವನ್ನು ಅವಸರದಲ್ಲಿ ಹೊಲಿಯುತ್ತದೆ, ಹೊಲಿಯುವಾಗ ಒಂದೆರಡು ಅಕ್ಷರ ಕಳೆದೋ ಸೇರಿಯೋ ಹೋಗುತ್ತದೆ. ಅಷ್ಟು ಸಾಕು, ಗಾಟಾ1ಕ್ಕೆ ಗುರುತು ಸಿಗುವುದಿಲ್ಲ. ಹೊಸ ಜೀನ್ ಏನನ್ನೂ ಸೇರಿಸುವುದಿಲ್ಲ. ಸಿಕಲ್ ಅಕ್ಷರವನ್ನು ತಿದ್ದುವುದೂ ಇಲ್ಲ.

ಫಲಿತಾಂಶ

ವಿಕ್ಟೋರಿಯಾ ಗ್ರೇ ಅವರು 2019ರಲ್ಲಿ ಅಮೆರಿಕದಲ್ಲಿ ಈ ಚಿಕಿತ್ಸೆ ಪಡೆದ ಮೊದಲ ಸಿಕಲ್ ಸೆಲ್ ರೋಗಿ. ಅವರು ತಮ್ಮ ಅನುಭವವನ್ನು ಸಾರ್ವಜನಿಕವಾಗಿ ಹೇಳಿಕೊಂಡಿದ್ದಾರೆ. ಕ್ಯಾಸ್‌ಜೆವಿ ಎಂಬ ಹೆಸರಿನಲ್ಲಿ ಚಿಕಿತ್ಸೆಗೆ ಬ್ರಿಟನ್ 2023ರ ನವೆಂಬರ್ 16ರಂದು, ಅಮೆರಿಕ ಡಿಸೆಂಬರ್ 8ರಂದು ಒಪ್ಪಿಗೆ ಕೊಟ್ಟವು. ಕ್ರಿಸ್ಪರ್ ಆಧರಿಸಿ ಒಪ್ಪಿಗೆ ಪಡೆದ ಮೊದಲ ಚಿಕಿತ್ಸೆ ಇದು. ಅಮೆರಿಕದ ಒಪ್ಪಿಗೆಗೆ ಆಧಾರವಾದ ಲೆಕ್ಕದಲ್ಲಿ, ಸಾಕಷ್ಟು ಕಾಲ ಗಮನಿಸಲಾದ 31 ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ಸತತವಾಗಿ ತೀವ್ರ ನೋವಿನ ದಾಳಿ ಬರಲಿಲ್ಲ. ಚಿಕಿತ್ಸೆಗೆ ಮುನ್ನ ಇವರೆಲ್ಲ ವರ್ಷಕ್ಕೆ ಎರಡಾದರೂ ತೀವ್ರ ದಾಳಿ ಅನುಭವಿಸುತ್ತಿದ್ದವರು.

ಒಂದು ಅಂಶವನ್ನು ಇಲ್ಲಿ ಬಿಡಿಸಿ ನೋಡಬೇಕು, ಏಕೆಂದರೆ ಸರಾಸರಿ ಅಂಕಿ ಇದನ್ನು ಮರೆಸುತ್ತದೆ. ರಕ್ತದಲ್ಲಿ ಭ್ರೂಣದ ಹಿಮೋಗ್ಲೋಬಿನ್ ಶೇಕಡ 20 ಇದೆ ಎಂದುಕೊಳ್ಳಿ. ಐದರಲ್ಲಿ ಒಂದು ಕಣ ಪೂರ್ತಿ ಗಾಮಾ ತುಂಬಿಕೊಂಡು ಉಳಿದ ನಾಲ್ಕು ಖಾಲಿಯಿದ್ದರೂ ಸರಾಸರಿ 20. ಪ್ರತಿ ಕಣದಲ್ಲೂ ಐದನೇ ಒಂದು ಪಾಲು ಗಾಮಾ ಇದ್ದರೂ ಸರಾಸರಿ 20. ಮೊದಲನೆಯ ರೋಗಿಯಲ್ಲಿ ನಾಲ್ಕು ಕಣಗಳು ಬಾಗುತ್ತವೆ, ನಾಳಗಳನ್ನು ಕಟ್ಟುತ್ತವೆ. ಎರಡನೆಯವರಲ್ಲಿ ಪ್ರತಿ ಕಣಕ್ಕೂ ರಕ್ಷಣೆಯಿದೆ. ಈ ಚಿಕಿತ್ಸೆಯಲ್ಲಿ ಭ್ರೂಣದ ಹಿಮೋಗ್ಲೋಬಿನ್ ಒಟ್ಟಾರೆ ಶೇಕಡ 40ರ ಆಸುಪಾಸಿಗೆ ಏರಿತಲ್ಲದೆ, ಬಹುತೇಕ ಎಲ್ಲ ಕಣಗಳಿಗೂ ಹಂಚಿಕೆಯಾಯಿತು. ತಿದ್ದಿದ್ದು ಮೂಲ ಕೋಶವನ್ನಾದ್ದರಿಂದ ಅದರಿಂದ ಹುಟ್ಟುವ ಪ್ರತಿ ಎರಿತ್ರೋಬ್ಲಾಸ್ಟ್‌ನಲ್ಲೂ ಆ ಬದಲಾವಣೆ ಇರುತ್ತದೆ.

ಬೆಲೆಯನ್ನೂ ಹೇಳಬೇಕು. ತಿದ್ದಿದ ಕೋಶಗಳಿಗೆ ಜಾಗ ಮಾಡಿಕೊಡಲು ರೋಗಿಯ ಅಸ್ಥಿಮಜ್ಜೆಯನ್ನು ಬುಸಲ್ಫಾನ್ ಎಂಬ ಕಿಮೊಥೆರಪಿ ಔಷಧದಿಂದ ಮೊದಲು ಖಾಲಿ ಮಾಡುತ್ತಾರೆ. ವಾರಗಟ್ಟಲೆ ಆಸ್ಪತ್ರೆವಾಸ, ಸೋಂಕಿನ ಭಯ, ಮುಂದೆ ಮಕ್ಕಳಾಗದಿರುವ ಸಾಧ್ಯತೆ. ಅಮೆರಿಕದಲ್ಲಿ ನಿಗದಿಯಾದ ದರ 22 ಲಕ್ಷ ಡಾಲರ್. ಈ ರೋಗದಿಂದ ಬಳಲುವವರಲ್ಲಿ ಬಹುಪಾಲು ಜನ ಆಫ್ರಿಕಾ ಮತ್ತು ಏಷ್ಯಾದ ಬಡವರು. ವಿಜ್ಞಾನ ಇಷ್ಟು ಕರಾರುವಾಕ್ಕಾಗಿ ಬಂದು ತಲುಪಿದ ಬಾಗಿಲು ಅವರ ಮನೆಯಿಂದ ಇಷ್ಟು ದೂರದಲ್ಲಿರುವುದು ನನ್ನನ್ನು ಕಾಡುತ್ತದೆ.

ಆದ್ದರಿಂದಲೇ ಗಾಮಾ ಜೀನನ್ನು ಮಾತ್ರೆಯಿಂದ ಎಬ್ಬಿಸುವ ಪ್ರಯತ್ನ ನಿಂತಿಲ್ಲ. ಅದಕ್ಕೆ ಹಳೆಯ ಬೇರಿದೆ. 1982ರಲ್ಲೇ ಮೀಥೈಲ್ ಗುರುತುಗಳನ್ನು ಅಳಿಸುವ ಅಜಾಸೈಟಿಡಿನ್ ಔಷಧ ಕೊಟ್ಟು ಬಬೂನ್‌ಗಳಲ್ಲಿ, ಆಮೇಲೆ ಒಬ್ಬ ಥಲಸ್ಸೀಮಿಯಾ ರೋಗಿಯಲ್ಲಿ, ಗಾಮಾ ಜೀನ್ ಮತ್ತೆ ಎದ್ದದ್ದನ್ನು ಕಂಡಿದ್ದರು. ಅದರ ಬೆನ್ನಿಗೇ ಬಂದ ಹೈಡ್ರಾಕ್ಸಿಯೂರಿಯಾ ಎಂಬ ಔಷಧ ನೋವಿನ ದಾಳಿಗಳನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ ಎಂದು 1995ರ ದೊಡ್ಡ ಪರೀಕ್ಷೆ ತೋರಿಸಿತು. ಇಂದಿಗೂ ಹೆಚ್ಚಿನ ರೋಗಿಗಳ ಕೈಗೆಟುಕುವುದು ಅದೇ, ಆದರೆ ಅದು ಎಲ್ಲರಲ್ಲೂ ಸಮನಾಗಿ ಕೆಲಸ ಮಾಡುವುದಿಲ್ಲ. 2024ರಲ್ಲಿ ಗಾಮಾವನ್ನು ಅದುಮುವ ಇನ್ನೊಂದು ಪ್ರೋಟೀನ್, ವಿಜ಼್ ಎಂಬುದನ್ನು ಕೋಶದೊಳಗೇ ನಾಶಮಾಡಿಸುವ ಒಂದು ಸಣ್ಣ ಅಣುವಿನ ವರದಿ ಬಂತು. ಇಲಿಗಳಲ್ಲೂ ಕೋತಿಗಳಲ್ಲೂ ಅದನ್ನು ಕೊಟ್ಟಾಗ ಭ್ರೂಣದ ಹಿಮೋಗ್ಲೋಬಿನ್ ಏರಿತು. ಮಜ್ಜೆಯನ್ನು ಖಾಲಿ ಮಾಡದೆ, ಡಿಎನ್‌ಎಗೆ ಕತ್ತರಿ ಹಾಕದೆ, ಗಾಮಾ ಜೀನ್‌ನ ಬಾಗಿಲನ್ನು ಒಂದು ಅಣು ಮಾತ್ರ ತಟ್ಟಿತ್ತು.